ಜೋಲುಗಿವಿಯ ಮೊಲ



ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಆಕಳಿಗೂ ಎಮ್ಮೆಗೂ ನಾಯಿಬೆಕ್ಕುಗಳಿಗೂ ಬಹುಕಾಲದಿಂದ ಸಲ್ಲುತ್ತ ಬಂದ ಸ್ಥಾನವೊಂದುಂಟು. ಅವುಗಳ ಆರೈಕೆಯ ವಿದ್ಯೆಯೂ ಅಷ್ಟೇ ಹಳೆಯದಾದುದರಿಂದ, ಎಮ್ಮೆ ಮೆಲುಕಾಡುವುದನ್ನು ಬಿಟ್ಟು ನಿಂತರೆ ಏನು ಮಾಡಬೇಕು, ಕರುವಿನ ಹೊಟ್ಟೆ ಉಬ್ಬರಿಸಿದರೆ ಏನು ಕುಡಿಸಬೇಕು ಎಂಬುದನ್ನು ಹೇಳಬಲ್ಲ ಒಬ್ಬ ಅಜ್ಜಿಯಾದರೂ ಪ್ರತಿಯೊಂದು ಓಣಿಯಲ್ಲಿ ಸಿಗುತ್ತಾಳೆ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಬಾನುಲಿ ಕೇಂದ್ರವೂ ಕೃಷಿಕರೊಡನೆ ದನಕರುಗಳ ವಿಷಯವಾಗಿ ಮಾತನಾಡುತ್ತಲೇ ಬಂದಿದೆ. ಆದರೆ ಈಚೆಗೆ ನಮ್ಮ ಪಡಸಾಲೆಗಳಲ್ಲಿ ಕಾಣಿಸಿಕೊಳ್ಳತೊಡಗಿರುವ ಒಂದು ಪ್ರಾಣಿಯ ವಿಷಯದಲ್ಲಿ ಈ ಪರಂಪರಾಗತ ಜ್ಞಾನವು ನಮಗೆ ನೆರವಾಗಲಾರದು. ಎರಡೂ ಕಿವಿಗಳು ಕೆನ್ನೆಯ ಮೇಲೆ ಜೋತುಬಿದ್ದು, ದುಂಡುಮುಖವು ಸದಾ ಏನನ್ನೋ ಆಲೋಚಿಸುವಂತೆ ತೋರುವ ಜೋಲುಗಿವಿಯ ಮೊಲವೇ ಅದು. ಮಕ್ಕಳ ಹಟಕ್ಕೆ ಸೋತೋ, ಅಂಗಡಿಯ ಮುಂದಿನ ಪಂಜರದಲ್ಲಿ ಅದರ ರೂಪವನ್ನು ಕಂಡು ಮರುಳಾಗಿಯೋ ಅದನ್ನು ಕೊಂಡು ತಂದವರು ಮರುದಿನವೇ ಎದುರಿಸುವ ಪ್ರಶ್ನೆಗಳಿಗೆ ಉತ್ತರ ಹೇಳುವವರು ಹತ್ತಿರದಲ್ಲಿ ವಿರಳರಾದುದರಿಂದ, ಆ ವಿಷಯವಾಗಿ ನಾಲ್ಕು ಮಾತುಗಳನ್ನು ತಮ್ಮ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಮೊಟ್ಟಮೊದಲು, ನಮ್ಮ ಎರೆಹೊಲಗಳ ಹತ್ತಿಜೋಳದ ಸಾಲುಗಳಲ್ಲಿ ಹಾರಿಹೋಗುವ ಕಾಡುಮೊಲಕ್ಕೂ ಮನೆಯಲ್ಲಿ ಸಾಕತಕ್ಕ ಮೊಲಕ್ಕೂ ಇರುವ ಭೇದವನ್ನು ತಿಳಿದುಕೊಳ್ಳುವುದು ಆವಶ್ಯಕ. ಕಾಡುಮೊಲವು ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಈಯುತ್ತದೆ, ಅದರ ಮರಿಯು ಮೈತುಂಬ ಕೂದಲೊಡನೆ ಕಣ್ಣು ತೆರೆದೇ ಹುಟ್ಟುತ್ತದೆ. ಸಾಕುಮೊಲದ ಮರಿಯಾದರೋ ಬೆತ್ತಲೆಯಾಗಿ, ಕಣ್ಣು ಮುಚ್ಚಿಕೊಂಡು ಹುಟ್ಟಿ, ಸುಮಾರು ಹತ್ತು ದಿನಗಳ ತರುವಾಯ ಕಣ್ಣು ತೆರೆಯುತ್ತದೆ. ಇದರ ಮೂಲಪುರುಷರು ಸ್ಪೇನ್, ಪೋರ್ಚುಗಲ್ ಹಾಗೂ ದಕ್ಷಿಣ ಫ್ರಾನ್ಸ್ ಪ್ರದೇಶಗಳಲ್ಲಿ ನೆಲದೊಳಗೆ ಬಿಲಗಳನ್ನು ತೋಡಿ ಗುಂಪುಗುಂಪಾಗಿ ವಾಸಿಸುವ ಬೇರೊಂದು ಕುಲದವು. ಕಳೆ ಕೀಳುವಾಗಲೋ ರಾಶಿಯ ಕಾಲದಲ್ಲೋ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದು ಸಾಕುವೆವೆಂಬುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧವಾದುದಷ್ಟೇ ಅಲ್ಲ, ಆ ಮರಿಯ ಪಾಲಿಗೆ ಬಹುಶಃ ಮರಣವೂ ಅಹುದು. ತಾಯಿಯು ಹತ್ತಿರದಲ್ಲಿಯೇ ಇದ್ದು ಸಂಜೆಗೆ ಹಾಲೂಡಲು ಬರುವುದರಿಂದ ಅದನ್ನು ಇದ್ದಲ್ಲಿಯೇ ಬಿಟ್ಟು ಬರುವುದು ಯುಕ್ತ.

ಇನ್ನು ಜೋಲುಗಿವಿಯ ವಿಚಾರ. ಪ್ರಕೃತಿಯು ಮೊಲಕ್ಕೆ ನಿಮಿರಿದ ಕಿವಿಗಳನ್ನು ಕೊಟ್ಟದ್ದು ಅಲಂಕಾರಕ್ಕಾಗಿ ಅಲ್ಲ. ನರಿಯ ಹೆಜ್ಜೆಯು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಅರಿಯುವುದಕ್ಕೆ ಅವೆರಡೂ ಬೇರೆಬೇರೆಯಾಗಿ ತಿರುಗಬಲ್ಲವು. ಬೆವರಲಾರದ ಆ ದೇಹದ ಉಷ್ಣವು ಕಿವಿಗಳ ತೆಳುವಾದ ಚರ್ಮದಡಿಯ ರಕ್ತನಾಳಗಳ ಮೂಲಕವೇ ಬಹುಮಟ್ಟಿಗೆ ಹೊರಹೋಗುತ್ತದೆ. ಈ ಕಿವಿಯನ್ನು ಜೋಲುವಂತೆ ಮಾಡಿದವನು ಮನುಷ್ಯನು. ಇಂಗ್ಲೆಂಡಿನ ಹವ್ಯಾಸಿಗಳು ತಲೆಮಾರಿನಿಂದ ತಲೆಮಾರಿಗೆ ಆಯ್ದು ಆಯ್ದು ಕೂಡಿಸಿದುದರ ಫಲವಾಗಿ, ಒಂದು ಕಿವಿಯ ತುದಿಯಿಂದ ಇನ್ನೊಂದರ ತುದಿಗೆ 20 ಅಂಗುಲಗಳಿಗೂ ಮಿಕ್ಕ ಮೊಲಗಳು ಹತ್ತೊಂಬತ್ತನೆಯ ಶತಮಾನದ ಪ್ರದರ್ಶನಗಳಲ್ಲಿ ಕಾಣಿಸಿಕೊಂಡವು. ಸಾಕುಪ್ರಾಣಿಗಳಲ್ಲಿಯೂ ಬೆಳೆಸಿದ ಸಸ್ಯಗಳಲ್ಲಿಯೂ ಉಂಟಾಗುವ ವ್ಯತ್ಯಾಸಗಳನ್ನು ಕುರಿತು ಚಾರ್ಲ್ಸ್ ಡಾರ್ವಿನನು 1868ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಮೊಲಗಳ ತಲೆಬುರುಡೆಗಳನ್ನು ಅಳೆದು ನೋಡಿ, ಕಿವಿ ಜೋತುಬಿದ್ದಲ್ಲಿ ಎಲುಬಿನ ಶ್ರವಣದ್ವಾರವೇ ರೂಪವನ್ನೂ ದಿಕ್ಕನ್ನೂ ಬದಲಿಸಿರುವುದನ್ನು ತೋರಿಸಿದನು. ಒಂದೇ ಕಿವಿ ಜೋತ ಮೊಲದಲ್ಲಿ ಬುರುಡೆಯ ಎಡಬಲಗಳು ಸಮವಾಗಿಯೇ ಉಳಿದಿರಲಿಲ್ಲ. ತರುವಾಯ ನೆದರ್ಲೆಂಡ್ಸ್ ದೇಶದ ಅಡ್ರಿಯಾನ್ ಡಿ ಕಾಕ್ ಎಂಬವರು ದೊಡ್ಡ ಗಾತ್ರದ ಫ್ರೆಂಚ್ ಲಾಪ್ ತಳಿಯನ್ನು ಕುಳ್ಳಮೊಲಗಳೊಡನೆ ಬೆರೆಸಿ ಪಡೆದ ಪುಟ್ಟ ತಳಿಗೆ 1964ರಲ್ಲಿ ಆ ದೇಶದ ಮಾನ್ಯತೆ ದೊರೆಯಿತು. ಎರಡು ಕಿಲೋ ತೂಕವನ್ನು ಮೀರದ ಈ ಹಾಲೆಂಡ್ ಲಾಪ್‌ನ ಹೆಸರಿನಲ್ಲಿಯೇ ನಮ್ಮ ಅಂಗಡಿಗಳಲ್ಲಿಯೂ, ಶುದ್ಧವೋ ಮಿಶ್ರವೋ, ಜೋಲುಗಿವಿಯ ಮೊಲಗಳು ಮಾರಾಟವಾಗುತ್ತವೆ.

ಈ ಇತಿಹಾಸವನ್ನು ಹೇಳುವುದಕ್ಕೆ ಪ್ರಯೋಜನವೊಂದುಂಟು. ಯಾವ ಸೊಗಸಿಗೆ ಮನಸೋತು ನಾವು ಇದನ್ನು ಮನೆಗೆ ತರುತ್ತೇವೆಯೋ ಆ ಸೊಗಸೇ ಅದರ ದೇಹದ ಮೇಲೆ ನಮ್ಮವರು ಹೇರಿದ ಒಂದು ಹೊರೆ. ಕಿವಿಯ ಬುಡದಲ್ಲಿ ನಾಳವು ಮಡಚಿಕೊಂಡು ಇರುಕಾಗುವುದರಿಂದ ಒಳಗಿನ ಮೇಣವು ಹೊರಬೀಳಲಾರದೆ ನಿಲ್ಲುತ್ತದೆ, ಗಾಳಿಯಾಡದ ಆ ತಾಣದಲ್ಲಿ ಸೋಂಕು ಬೇಗ ನೆಲೆಸುತ್ತದೆ. ನಿಮಿರುಗಿವಿಯ ಮೊಲವು ತನ್ನ ಕಿವಿಯನ್ನು ತಾನೇ ನೋಡಿಕೊಳ್ಳಬಲ್ಲದು. ಜೋಲುಗಿವಿಯದರ ಕಿವಿಯನ್ನು ವಾರಕ್ಕೊಮ್ಮೆ ಮೆಲ್ಲನೆ ಎತ್ತಿ, ಬೆಳಕಿನಲ್ಲಿ ಒಳಗೆ ನೋಡಿ, ದುರ್ಗಂಧವಾಗಲಿ ಕೀವಾಗಲಿ ಕಂದುಬಣ್ಣದ ದಪ್ಪ ಹಕ್ಕಳೆಯಾಗಲಿ ಇದೆಯೋ ಎಂದು ಪರೀಕ್ಷಿಸುವ ಕರ್ತವ್ಯವು ಮಾಲಕನ ಮೇಲೆ ಬೀಳುತ್ತದೆ. ಹಕ್ಕಳೆ ಕಂಡರೆ ಅದು ನುಸಿಯಿಂದಾದ ಕಜ್ಜಿಯೆಂದು ತಿಳಿಯಬೇಕು. ಅದನ್ನು ಕಿತ್ತು ತೆಗೆಯಹೋಗದೆ, ಕೊಬ್ಬರಿಎಣ್ಣೆಯನ್ನು ಸುರಿಯದೆ, ಕಡ್ಡಿಯನ್ನು ತೂರಿಸದೆ ವೈದ್ಯರಲ್ಲಿಗೆ ಒಯ್ಯುವುದು ಮೇಲು.

ಕೊಳ್ಳುವ ಹೊತ್ತಿನಲ್ಲಿಯೇ ಎಚ್ಚರ ಬೇಕು. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟದೆಂದು ತೋರಿಸಿ ಮಾರುವುದು ಬಹುಧಾ ನಾಲ್ಕೈದು ವಾರದ ಮರಿಯೇ ಆಗಿರುತ್ತದೆ, ಅದರ ಕರುಳು ಹೊಸ ಆಹಾರವನ್ನು ತಾಳಲಾರದೆ ಕೆಲವೇ ದಿನಗಳಲ್ಲಿ ಭೇದಿಯಿಂದ ಸಾಯುತ್ತದೆ. ಜೋಲುಗಿವಿಯ ಮರಿಗಳ ಕಿವಿಗಳು ಎಳೆತನದಲ್ಲಿ ನಿಮಿರಿಯೋ ಅಡ್ಡವಾಗಿಯೋ ಇದ್ದು, ಒಂದರಿಂದ ಮೂರು ತಿಂಗಳೊಳಗೆ ಕ್ರಮವಾಗಿ ಇಳಿಯುವುದರಿಂದ, ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ ಇದ್ದರೆ ಅದನ್ನು ಊನವೆಂದು ಬಗೆಯಬೇಕಾಗಿಲ್ಲ. ಮೂಗಿನಲ್ಲಿ ಸಿಂಬಳವಿಲ್ಲದೆ, ಕಣ್ಣು ನೀರು ಸುರಿಸದೆ ಸ್ವಚ್ಛವಾಗಿದ್ದು, ಹಿಂಭಾಗಕ್ಕೆ ಮಲವಂಟಿರದೆ, ಮೇಲಿನ ಹಲ್ಲುಗಳು ಕೆಳಗಿನವುಗಳ ಮುಂದೆ ಸರಿಯಾಗಿ ಕೂಡಿರುವ ಮರಿಯನ್ನೇ ಆರಿಸಬೇಕು. ಜೊತೆಗಿರಲೆಂದು ಎರಡನ್ನು ತರುವವರು ಲಿಂಗವನ್ನು ಬಲ್ಲವರಿಂದ ನಿಶ್ಚಯಿಸಿಕೊಳ್ಳತಕ್ಕದ್ದು. ಹೆಣ್ಣು ನಾಲ್ಕಾರು ತಿಂಗಳಲ್ಲಿಯೇ ಬೆದೆಗೆ ಬಂದು, ಸುಮಾರು 31 ದಿನಗಳಲ್ಲಿ ಈದು, ಈದ ದಿನವೇ ಮತ್ತೆ ಗರ್ಭ ಧರಿಸಬಲ್ಲದು. ಸಂಗಾತಿಯಿಲ್ಲದೆ ಮೊಲವು ಮಂಕಾಗುವುದು ನಿಜ. ಆದರೆ ಅದಕ್ಕೆ ಪರಿಹಾರವು ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಜೋಡಿಯೇ ಹೊರತು ಮನೆತುಂಬ ಮರಿಗಳಲ್ಲ. ಈ ಚಿಕಿತ್ಸೆಯಿಂದ, ವಯಸ್ಸಾದ ಹೆಣ್ಣುಮೊಲಗಳಲ್ಲಿ ಸಾಮಾನ್ಯವಾದ ಗರ್ಭಾಶಯದ ಅರ್ಬುದರೋಗವೂ ತಪ್ಪುತ್ತದೆ.

ಆಹಾರವೇ ಈ ವಿಷಯದ ಹೃದಯವೆನ್ನಬೇಕು. ಮೊಲವೆಂದರೆ ಗಜ್ಜರಿ ತಿನ್ನುವ ಪ್ರಾಣಿಯೆಂಬ ಭಾವನೆಯನ್ನು ಚಿತ್ರಗಳು ನಮ್ಮ ತಲೆಯಲ್ಲಿ ತುಂಬಿವೆ. ವಸ್ತುತಃ ಅದು ಹುಲ್ಲು ತಿನ್ನುವ ಪ್ರಾಣಿ. ಅದರ ಹಲ್ಲುಗಳು ಆಜೀವಪರ್ಯಂತ ಬೆಳೆಯುತ್ತಲೇ ಇರುವುದರಿಂದ, ನಾರುಳ್ಳ ಒಣಹುಲ್ಲನ್ನು ಗಂಟೆಗಟ್ಟಲೆ ಅರೆಯುತ್ತಿದ್ದರೆ ಮಾತ್ರ ಅವು ಹದವಾಗಿ ಸವೆಯುತ್ತವೆ. ಅದರ ಕರುಳು ನಿರಂತರವಾಗಿ ಚಲಿಸುತ್ತಿರಲೂ ಆ ನಾರೇ ಕಾರಣ. ಆದುದರಿಂದ ಮೊಲದ ಆಹಾರದಲ್ಲಿ ಹತ್ತರಲ್ಲಿ ಎಂಟು ಪಾಲು ಒಣಹುಲ್ಲು ಇರಬೇಕು, ಅದು ಹಗಲಿರುಳು ಎದುರಿಗಿರಬೇಕು. ಅಂಗಡಿಗಳು ಮಾರುವ ವಿದೇಶದ ಟಿಮೊತಿ ಹುಲ್ಲಿನ ಬೆಲೆಯನ್ನು ಕಂಡು ನಿರಾಶರಾಗಬೇಕಾಗಿಲ್ಲ. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ಧಾರವಾಡದಲ್ಲಿಯೇ ಇರುವುದರಿಂದ, ಮೇವಿನ ಹುಲ್ಲು ಈ ಸೀಮೆಗೆ ಅಪರಿಚಿತವಾದ ವಸ್ತುವಲ್ಲ. ಹಿತ್ತಲಿನ ಮೂಲೆಯಲ್ಲಿ ಗಿನಿಹುಲ್ಲನ್ನು ಹಚ್ಚಿ, ಕೊಯ್ದು, ನೆರಳಿನಲ್ಲಿ ಒಣಗಿಸಿಟ್ಟುಕೊಂಡರೆ ಒಂದು ಮೊಲಕ್ಕೆ ಯಥೇಷ್ಟವಾಗುತ್ತದೆ, ಗರಿಕೆಯಂತೂ ಎಲ್ಲೆಲ್ಲಿಯೂ ಇದೆ. ಕುದುರೆ ಮೆಂತೆಯು ಮರಿಗಳಿಗೂ ಹಾಲೂಡುವ ತಾಯಿಗೂ ಒಳ್ಳೆಯದು. ಬೆಳೆದ ಮೊಲಕ್ಕೆ ಅದರ ಸುಣ್ಣದಂಶವು ಹೆಚ್ಚಾಗಿ ಮೂತ್ರಕೋಶದಲ್ಲಿ ಕಲ್ಲು ಕಟ್ಟುವ ಸಂಭವವಿರುವುದರಿಂದ ಅದನ್ನು ಮಿತವಾಗಿ ಕೊಡಬೇಕು.

ಹಸಿಸೊಪ್ಪಿನ ವಿಷಯದಲ್ಲಿ ನಮ್ಮ ಸೀಮೆಯು ಭಾಗ್ಯಶಾಲಿಯಾದುದು. ರೊಟ್ಟಿಯೊಡನೆ ನಾವು ಹಸಿಯಾಗಿಯೇ ತಿನ್ನುವ ಹಕ್ಕರಕಿ, ಕೊತ್ತಂಬರಿ, ಸಬ್ಬಸಗಿ, ಮೂಲಂಗಿಯ ಎಲೆ ಇವೆಲ್ಲವೂ ಮೊಲಕ್ಕೆ ಪ್ರಿಯವಾದವು. ಒಂದೊಂದಾಗಿ, ಸ್ವಲ್ಪಸ್ವಲ್ಪವಾಗಿ ರೂಢಿ ಮಾಡಿಸಿ, ದಿನಕ್ಕೆ ಒಂದೆರಡು ಹಿಡಿ ಕೊಡಬಹುದು. ಪೇರಲದ ಎಲೆಯನ್ನೂ ಎಳೆಯ ರೆಂಬೆಯನ್ನೂ ಅದು ಕಡಿಯಲು ಇಷ್ಟಪಡುತ್ತದೆ. ಆದರೆ ಎಳೆಯ ಜೋಳದ ಪೈರಿನಲ್ಲಿ ಸಯನೈಡಿನ ವಿಷವಿರುವುದರಿಂದ, ಅದನ್ನು ದನಗಳಿಗೆ ಮೇಯಿಸಬಾರದೆಂದು ನಮ್ಮ ರೈತರೆಲ್ಲರೂ ಬಲ್ಲರು. ಅದೇ ನಿಯಮವು ಮೊಲಕ್ಕೂ ಸಲ್ಲುತ್ತದೆ. ಖಾಲಿ ನಿವೇಶನಗಳಿಂದ ಹುಲ್ಲು ಕಿತ್ತು ತರುವವರು ಅದರೊಡನೆ ಕಾಂಗ್ರೆಸ್ ಕಸವಾಗಲಿ ಎಕ್ಕೆಯಾಗಲಿ ಕಣಗಿಲೆಯ ಎಲೆಯಾಗಲಿ ಬೆರೆತು ಬರದಂತೆಯೂ, ಕಳೆನಾಶಕ ಸಿಂಪಡಿಸಿದ ಸ್ಥಳದ್ದಾಗಿರದಂತೆಯೂ ನೋಡಿಕೊಳ್ಳಬೇಕು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆಗಳು ನಿಷಿದ್ಧ. ಗಜ್ಜರಿಯಲ್ಲಿಯೂ ಹಣ್ಣುಗಳಲ್ಲಿಯೂ ಸಕ್ಕರೆಯ ಅಂಶವಿರುವುದರಿಂದ ಅವು ಎಂದೋ ಒಮ್ಮೆ ಹೆಬ್ಬೆರಳಿನಷ್ಟು ಸಾಕು.

ಎಲ್ಲಕ್ಕೂ ಕಷ್ಟವಾದುದು ಮನೆಮಂದಿಯ ಅಂತಃಕರಣವನ್ನು ಹತೋಟಿಯಲ್ಲಿಡುವುದು. “ಪಾಪ, ಬಾಯಿಲ್ಲದ ಜೀವ, ಒಂದೀಟ ರೊಟ್ಟಿ ತಿನ್ನಲಿ ಬಿಡ್ರಿ” ಎಂದು ಹಿರಿಯರು ತುಣುಕು ಮುರಿದು ಹಾಕುತ್ತಾರೆ. ಬಂದ ಬೀಗರು ಬಿಸ್ಕೀಟು ಹಿಡಿಯುತ್ತಾರೆ. ಮಕ್ಕಳು ಚುರಮರಿಯನ್ನೋ ಫೇಡೆಯ ಚೂರನ್ನೋ ಕದ್ದು ತಿನ್ನಿಸುತ್ತಾರೆ. ಮೊಲವು ಅದನ್ನೆಲ್ಲ ಆಸೆಯಿಂದಲೇ ತಿನ್ನುತ್ತದೆ. ಪಿಷ್ಟವೂ ಸಕ್ಕರೆಯೂ ಅದರ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸಿ ವಾಯುವನ್ನು ತುಂಬುತ್ತವೆ. ಮೊಲವು ವಾಂತಿ ಮಾಡಲಾರದ ಪ್ರಾಣಿಯಾದುದರಿಂದ ಒಳಗೆ ಹೋದ ಕೆಡುಕು ಬಂದ ದಾರಿಯಲ್ಲಿ ಹಿಂದಿರುಗುವಂತಿಲ್ಲ.

ಇಲ್ಲಿಯೇ ಹೊಸಬರನ್ನು ಗಾಬರಿಗೊಳಿಸುವ ಎರಡು ಸಂಗತಿಗಳನ್ನು ಹೇಳಿಬಿಡುತ್ತೇನೆ. ದುಂಡಗೆ ಒಣಗಿದ ಹಿಕ್ಕೆಗಳಲ್ಲದೆ, ದ್ರಾಕ್ಷಿಯ ಗೊಂಚಲಿನಂತೆ ಅಂಟಿಕೊಂಡಿರುವ ಮೆತ್ತನೆಯ ಇನ್ನೊಂದು ಬಗೆಯ ಮಲವನ್ನು ಮೊಲವು ರಾತ್ರಿಯಲ್ಲಿಯೋ ನಸುಕಿನಲ್ಲಿಯೋ ವಿಸರ್ಜಿಸಿ, ಗುದಕ್ಕೇ ಬಾಯಿ ಹಚ್ಚಿ ನುಂಗುತ್ತದೆ. ಇದು ಹೊಲಸೂ ಅಲ್ಲ, ರೋಗವೂ ಅಲ್ಲ. ಅಂಧಾಂತ್ರದಲ್ಲಿ ಹುದುಗಿ ಸಿದ್ಧವಾದ ಪ್ರೋಟೀನನ್ನೂ ಜೀವಸತ್ತ್ವಗಳನ್ನೂ ಅದು ಎರಡನೆಯ ಬಾರಿ ಜೀರ್ಣಿಸಿಕೊಳ್ಳುವ ಉಪಾಯವಿದು, ಆಕಳು ಮೆಲುಕಾಡುವುದಕ್ಕೆ ಸಮಾನವಾದುದು. ಎರಡನೆಯದು, ತಿಂದ ಸೊಪ್ಪಿನ ವರ್ಣದ್ರವ್ಯಗಳಿಂದ ಮೂತ್ರವು ಕೆಲವೊಮ್ಮೆ ಕೆಂಪಾಗಿಯೂ, ಸುಣ್ಣದಂಶದಿಂದ ಬೆಳ್ಳಗೆ ಕದಡಿಯೂ ಬರುವುದುಂಟು. ಮೊಲವು ತಿಣುಕದೆ ಲವಲವಿಕೆಯಿಂದಿದ್ದರೆ ಅದನ್ನು ರಕ್ತವೆಂದು ಭಾವಿಸಬೇಕಾದ್ದಿಲ್ಲ.

ಇನ್ನು ವಾಸಸ್ಥಾನ. ಮೊಲಕ್ಕೆ 15ರಿಂದ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯು ಹಿತಕರ. 30 ಮೀರಿತೆಂದರೆ ಕಷ್ಟ. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದ್ದು ಮಲೆನಾಡಿನ ಸೆರಗಿಗೆ ತಾಗಿರುವುದರಿಂದ ವರ್ಷದ ಬಹುಭಾಗ ಸುಖವಾಗಿರುವುದಾದರೂ, ಮಾರ್ಚಿನ ನಡುವಿನಿಂದ ಮೇ ತಿಂಗಳ ಅಡ್ಡಮಳೆಗಳವರೆಗೆ ಮಧ್ಯಾಹ್ನದ ಬಿಸಿಲು 36-37 ಡಿಗ್ರಿಗಳನ್ನು ಮುಟ್ಟುತ್ತದೆ, ಹುಬ್ಬಳ್ಳಿಯ ತಗಡಿನ ಮಾಡುಗಳ ಕೆಳಗಂತೂ ಹೇಳಲಳವಲ್ಲ. ಈ ದಿನಗಳಲ್ಲಿ ಮಾಳಿಗೆಯ ಮೇಲಿನ ಪಂಜರವು ಮೊಲಕ್ಕೆ ಮೃತ್ಯುಸ್ಥಾನ. ಮನೆಯ ಒಳಭಾಗದಲ್ಲಿ, ಹಳೆಯ ಮನೆಗಳ ಶಹಾಬಾದಿ ಫರಸಿಯ ತಣ್ಣನೆಯ ನೆಲವಿದ್ದಲ್ಲಿ ಅದರ ಮೇಲೆಯೇ ಅದು ಕಾಲು ಚಾಚಿ ಮಲಗುವಂತೆ ಅವಕಾಶ ಮಾಡಿಕೊಡಬೇಕು. ಹಿಮಗಟ್ಟಿಸಿದ ನೀರಿನ ಬಾಟಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬೇಕು. ಬಾಯಿ ತೆರೆದು ಏದುಸಿರು ಬಿಡುತ್ತ, ಕಿವಿ ಕಾದು ಕೆಂಪಾಗಿ ಬಿದ್ದುಕೊಂಡರೆ ಒದ್ದೆ ಬಟ್ಟೆಯಿಂದ ಕಿವಿಗಳನ್ನು ಒರೆಸುತ್ತ ಕೂಡಲೇ ವೈದ್ಯರಲ್ಲಿಗೆ ಧಾವಿಸಬೇಕು. ಹಿಮದ ನೀರಿನಲ್ಲಿ ಮುಳುಗಿಸಿದರೆ ಆಘಾತದಿಂದಲೇ ಪ್ರಾಣ ಹೋಗುವುದು. ಸಾಧಾರಣ ದಿನಗಳಲ್ಲಿಯೂ ಮೊಲಕ್ಕೆ ಸ್ನಾನ ಮಾಡಿಸುವ ಅಗತ್ಯವಿಲ್ಲ. ಬೆಕ್ಕಿನಂತೆ ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಯಾಗಿಟ್ಟುಕೊಳ್ಳುತ್ತದೆ. ಉದುರುವ ಕೂದಲನ್ನು ಬಾಚಿ ತೆಗೆದರೆ ಸಾಕು.

ಪಂಜರದ ತಳವು ತಂತಿಯದಾದರೆ ಮೊಲದ ಅಡಿಗಾಲುಗಳು ಹುಣ್ಣಾಗುತ್ತವೆ, ಏಕೆಂದರೆ ಅದರ ಪಾದದಲ್ಲಿ ನಾಯಿಬೆಕ್ಕುಗಳಿಗಿರುವ ಮೆತ್ತೆಗಳಿಲ್ಲ, ಕೂದಲಷ್ಟೇ ಇದೆ. ಹಲಗೆಯ ಮೇಲೆ ಹುಲ್ಲನ್ನು ಹಾಸಿ, ದಿನಕ್ಕೆ ಮೂರುನಾಲ್ಕು ಗಂಟೆಗಳಾದರೂ ಹೊರಗೆ ಬಿಟ್ಟು ಓಡಾಡಿಸಬೇಕು. ಹಾಗೆ ಬಿಡುವ ಮುನ್ನ ವಿದ್ಯುತ್ತಿನ ವಯರುಗಳನ್ನು ಅದಕ್ಕೆ ನಿಲುಕದಂತೆ ಕಟ್ಟಬೇಕು. ಒಂದೇ ಮೂಲೆಯಲ್ಲಿ ಮೂತ್ರ ಮಾಡುವುದು ಅದರ ಸ್ವಭಾವವಾದುದರಿಂದ ಅಲ್ಲೊಂದು ತಟ್ಟೆಯಲ್ಲಿ ಕಾಗದವನ್ನೂ ಹುಲ್ಲನ್ನೂ ಇಟ್ಟರೆ ಬೇಗ ರೂಢಿಯಾಗುತ್ತದೆ. ಹಿಕ್ಕೆಯನ್ನು ನೇರವಾಗಿ ತುಳಸಿಗೋ ಮಲ್ಲಿಗೆಗೋ ಗೊಬ್ಬರವಾಗಿ ಹಾಕಬಹುದು. ನೀರನ್ನು ಅದು ಉರುಳಿಸಲಾರದಂಥ ಭಾರವಾದ ಮಣ್ಣಿನ ಅಗಲ ಬೋಗುಣಿಯಲ್ಲಿಡಬೇಕು. ಮಳೆಗಾಲದಲ್ಲಿ ಹಾಸಿಗೆ ತೇವವಾದರೆ, ಒದ್ದೆಯಾದ ಹಿಂಭಾಗದಲ್ಲಿ ನೊಣಗಳು ತತ್ತಿಯಿಟ್ಟು ಒಂದೇ ದಿನದಲ್ಲಿ ಹುಳುಗಳು ಮಾಂಸವನ್ನು ಕೊರೆಯತೊಡಗುತ್ತವೆ. ಆದುದರಿಂದ ಶ್ರಾವಣದ ಜಿಟಿಜಿಟಿಯಲ್ಲಿ ಪ್ರತಿದಿನ ಬಾಲದಡಿಯನ್ನು ನೋಡತಕ್ಕದ್ದು.

ಮೊಲವನ್ನು ಕಿವಿ ಹಿಡಿದು ಎತ್ತುವುದು ಕ್ರೌರ್ಯ. ಜೋಲುಗಿವಿಯದನ್ನು ಹಾಗೆ ಎತ್ತಲು ಮಕ್ಕಳ ಕೈ ಸಹಜವಾಗಿಯೇ ಹೋಗುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಒಂದು ಕೈಯನ್ನು ಎದೆಯ ಕೆಳಗೂ ಇನ್ನೊಂದನ್ನು ಹಿಂಗಾಲುಗಳ ಕೆಳಗೂ ಕೊಟ್ಟು, ಎದೆಗವಚಿ ಎತ್ತಬೇಕು. ಹಿಂಗಾಲುಗಳು ಬಲಿಷ್ಠವಾಗಿಯೂ ಬೆನ್ನೆಲುಬು ಬಡಕಾಗಿಯೂ ಇರುವುದರಿಂದ, ಗಾಳಿಯಲ್ಲಿ ಒದ್ದಾಡಿದ ಮೊಲವು ತನ್ನ ಒದೆತದಿಂದಲೇ ತನ್ನ ಬೆನ್ನನ್ನು ಮುರಿದುಕೊಂಡೀತು. ನೆಲದ ಮೇಲೆ ಕುಳಿತು ಅದೇ ಹತ್ತಿರ ಬರುವವರೆಗೆ ಕಾಯುವುದು ಎಲ್ಲಕ್ಕೂ ಉತ್ತಮ. ಗದ್ದದಡಿಯ ಗ್ರಂಥಿಯಿಂದ ತನ್ನ ಗಂಧವನ್ನು ಬಾಗಿಲಿಗೂ ನಮ್ಮ ಕಾಲಿಗೂ ಒರೆಸುವುದು, ಹರ್ಷದಿಂದ ಗಾಳಿಯಲ್ಲಿ ನೆಗೆದು ಮೈಯನ್ನು ತಿರುಚುವುದು, ಅಪಾಯವನ್ನು ಶಂಕಿಸಿ ಹಿಂಗಾಲಿನಿಂದ ನೆಲವನ್ನು ಬಡಿಯುವುದು ಇವೆಲ್ಲ ಅದರ ಮಾತುಗಳು. ಕಾಲಕ್ರಮದಲ್ಲಿ ಮಾಲಕನಿಗೆ ಅವು ತಿಳಿಯುತ್ತ ಹೋಗುತ್ತವೆ.

ಭಯವು ಮೊಲದ ಹುಟ್ಟುಗುಣ. ಹೋಳಿಹುಣ್ಣಿವೆಯಿಂದ ರಂಗಪಂಚಮಿಯವರೆಗೆ ಹುಬ್ಬಳ್ಳಿಯ ಓಣಿಗಳಲ್ಲಿ ಕಾಮಣ್ಣನ ಮುಂದೆ ಮೊಳಗುವ ಹಲಗೆಯ ನಾದವು ನಮಗೆ ಹಬ್ಬದ ಪ್ರಾಣವಾದರೂ, ಗಣೇಶನ ಮೆರವಣಿಗೆಯ ಅಬ್ಬರವೂ ದೀಪಾವಳಿಯ ಪಟಾಕಿಯೂ ನಮಗೆ ಉಲ್ಲಾಸಕರವಾದರೂ, ಮೊಲಕ್ಕೆ ಅವು ಪ್ರಾಣಭಯವನ್ನೇ ಉಂಟುಮಾಡುತ್ತವೆ. ಆ ದಿನಗಳಲ್ಲಿ ಅದನ್ನು ಒಳಕೋಣೆಗೆ ಸ್ಥಳಾಂತರಿಸಿ, ಕಿಟಕಿಗಳನ್ನು ಮುಚ್ಚಿ, ಅಡಗಿಕೊಳ್ಳಲು ರಟ್ಟಿನ ಪೆಟ್ಟಿಗೆಯೊಂದನ್ನು ಕೊಡಬೇಕು.

ಸಾವಿರ ವರ್ಷಗಳ ಹಿಂದೆ ರೋಣ ಸೀಮೆಯ ಸವಡಿಯ ದುರ್ಗಸಿಂಹನು ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯಲ್ಲಿ, ಸಿಂಹವನ್ನು ಬಾವಿಗೆ ಕೆಡಹಿದ ಮೊಲವು ಬುದ್ಧಿಬಲದಿಂದ ಬದುಕಿಕೊಂಡಿತು. ನಿಜವಾದ ಮೊಲವು ಬದುಕಿಕೊಳ್ಳುವುದು ಅಡಗಿಕೊಳ್ಳುವುದರಿಂದ. ಮತ್ತು ಅದು ತನ್ನ ದೇಹವನ್ನು ಮಾತ್ರವಲ್ಲ, ತನ್ನ ನೋವನ್ನೂ ಅಡಗಿಸುತ್ತದೆ. ರೋಗಗ್ರಸ್ತವೆಂದು ಕಂಡ ಪ್ರಾಣಿಯನ್ನೇ ಬೇಟೆಗಾರನು ಮೊದಲು ಹಿಡಿಯುವನಾದುದರಿಂದ, ಮೊಲವು ಕೊನೆಯ ಗಳಿಗೆಯವರೆಗೂ ಸ್ವಸ್ಥವಾಗಿದ್ದಂತೆ ತೋರಿಸಿಕೊಳ್ಳುತ್ತದೆ, ನರಳುವುದಿಲ್ಲ, ಕೂಗುವುದಿಲ್ಲ. ಆದುದರಿಂದ ಮೊಲದ ಮಾಲಕನು ದಿನಾಲು ನೋಡಬೇಕಾದವು ಎರಡು: ನಿನ್ನೆ ಇಟ್ಟ ಹುಲ್ಲು ಎಷ್ಟು ಕರಗಿದೆ, ಹಿಕ್ಕೆಗಳು ಗಾತ್ರದಲ್ಲಿಯೂ ಸಂಖ್ಯೆಯಲ್ಲಿಯೂ ಎಂದಿನಂತಿವೆಯೇ. ಹಿಕ್ಕೆ ಸಣ್ಣದಾದರೆ, ಮೊಲವು ಮೂಲೆಯಲ್ಲಿ ಮುದುಡಿ ಕುಳಿತು ಹಲ್ಲು ಕಡಿದರೆ, ಹನ್ನೆರಡು ಗಂಟೆಗಳ ಕಾಲ ಏನನ್ನೂ ಮುಟ್ಟದಿದ್ದರೆ, ಕರುಳು ಸ್ತಬ್ಧವಾಗುತ್ತಿದೆಯೆಂದು ತಿಳಿದು, ನಾಳೆ ನೋಡೋಣವೆನ್ನದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ದನದ ದವಾಖಾನೆಯಲ್ಲಿ ಆಕಳು ಎಮ್ಮೆಗಳ ಚಿಕಿತ್ಸೆಯಲ್ಲಿ ನುರಿತವರೆಲ್ಲರೂ ಮೊಲವನ್ನು ಪದೇಪದೇ ನೋಡಿರುತ್ತಾರೆಂದು ಹೇಳಲಾಗದು. ಮೊಲವನ್ನು ಬಲ್ಲ ವೈದ್ಯರು ಯಾರೆಂಬುದನ್ನು ಅದನ್ನು ಕೊಳ್ಳುವ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಜಾಣತನ. ನಮ್ಮ ಮನೆಯ ಔಷಧಿಯ ಡಬ್ಬಿಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮೊದಲಾದ, ಪೆನಿಸಿಲಿನ್ ಜಾತಿಯ ಮಾತ್ರೆಗಳನ್ನು ಬಾಯಿಯಿಂದ ಕೊಡುವ ಸಾಹಸವನ್ನಂತೂ ಯಾರೂ ಮಾಡಬಾರದು. ಮನುಷ್ಯನನ್ನು ಉಳಿಸುವ ಆ ಔಷಧವು ಮೊಲದ ಕರುಳಿನ ಜೀವಾಣುಗಳನ್ನು ನಾಶಪಡಿಸಿ ಅದನ್ನು ಕೊಲ್ಲುತ್ತದೆ.

ಇಷ್ಟೆಲ್ಲವನ್ನು ಕೇಳಿದ ಮೇಲೆ, ಒಂದು ಮೊಲಕ್ಕೆ ಇಷ್ಟು ಉಪಚಾರವೇ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಹುಲ್ಲು ಅಗ್ಗ, ಸೊಪ್ಪು ಸುಲಭ, ಜಾಗವೂ ಅಲ್ಪವೇ. ಮೊಲವು ಬೇಡುವುದು ಹಣಕ್ಕಿಂತ ಹೆಚ್ಚಾಗಿ ದಿನನಿತ್ಯದ ಗಮನವನ್ನು. ಅದರ ನಿಮಿರಿದ ಕಿವಿಯನ್ನು ನಮ್ಮ ಕಣ್ಣಿನ ಸುಖಕ್ಕಾಗಿ ಇಳಿಸಿದವರು ನಮ್ಮಂಥ ಮನುಷ್ಯರೇ ಆದುದರಿಂದ, ಅದು ಹೇಳಲಾರದ್ದನ್ನು ಅರಿತುಕೊಳ್ಳುವ ಹೊಣೆಯೂ ನಮ್ಮದೇ. ಒಳ್ಳೆಯ ಆರೈಕೆಯಲ್ಲಿ ಮೊಲವು ಎಂಟರಿಂದ ಹನ್ನೆರಡು ವರ್ಷ ಬಾಳುತ್ತದೆ. ಐದನೆಯ ಇಯತ್ತೆಯ ಮಗಳ ಹುಟ್ಟುಹಬ್ಬಕ್ಕೆಂದು ತಂದ ಮೊಲವು ಅವಳು ಎಸ್.ಎಸ್.ಎಲ್.ಸಿ. ಮುಗಿಸಿ, ಪರಊರಿನ ಕಾಲೇಜಿನ ವಸತಿಗೃಹಕ್ಕೆ ಹೋದ ಮೇಲೆಯೂ ಮನೆಯಲ್ಲಿಯೇ ಇರುತ್ತದೆ. ಆಗ ಅದರ ಕಿವಿಯನ್ನೆತ್ತಿ ನೋಡುವವರು ಯಾರು ಎಂಬ ಪ್ರಶ್ನೆಗೆ ತಂದೆತಾಯಿಗಳು ಅಂಗಡಿಗೆ ಹೋಗುವ ಮುನ್ನವೇ ತಮ್ಮತಮ್ಮೊಳಗೆ ಉತ್ತರವನ್ನು ನಿಶ್ಚಯಿಸಿಕೊಳ್ಳಲಿ. “ನಾವೇ” ಎಂದು ಹೇಳಬಲ್ಲವರು ಧಾರಾಳವಾಗಿ ಮೊಲವನ್ನು ತರಬಹುದು. ಹೇಳಲಾರದವರು ಅಂಗಡಿಯ ಮುಂದೆ ನಿಂತು ಅದರ ಚೆಲುವನ್ನು ನೋಡಿ ಸಂತೋಷಪಟ್ಟು ಬರಿಗೈಯಲ್ಲಿ ಹಿಂದಿರುಗುವುದೂ ಮೊಲಕ್ಕೆ ಮಾಡಿದ ಉಪಕಾರವೇ ಆಗುತ್ತದೆ.